ನೆರೆ ತಡೆಯುವ ಅಣೆಕಟ್ಟಿಗೆ ಖಾಲಿ ಜಾಗವೇ ಬಲ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹರಿಯುವ ಕರ್ನ್ ನದಿಗೆ ಸಿಯೆರಾ ನೆವಾಡಾ ಬೆಟ್ಟಗಳ ಹಿಮವೇ ಆಸರೆ. ಈ ನದಿಗೆ ಅಡ್ಡಲಾಗಿ ಅಲ್ಲಿನ ಸೇನೆಯ ಎಂಜಿನಿಯರ್‌ಗಳ ದಳ 1953ರಲ್ಲಿ ಇಸಬೆಲ್ಲಾ ಅಣೆಕಟ್ಟನ್ನು ಕಟ್ಟಿ ಮುಗಿಸಿತು. ಇದರಲ್ಲಿ ಎರಡು ಕಟ್ಟೆಗಳಿವೆ, ಎರಡೂ ಮಣ್ಣಿನವು. ಕಟ್ಟಿದಾಗ ಮುಖ್ಯ ಕಟ್ಟೆ 185 ಅಡಿ ಎತ್ತರವಿತ್ತು, ಪಕ್ಕದ ಸಹಾಯಕ ಕಟ್ಟೆ 100 ಅಡಿ. ಕೆಳಗಿನ ಬೇಕರ್ಸ್‌ಫೀಲ್ಡ್ ನಗರವನ್ನು ನೆರೆಯಿಂದ ಕಾಯುವುದು ಇದರ ಮುಖ್ಯ ಕೆಲಸ. ಜೊತೆಗೆ ಹೊಲಗಳಿಗೂ ನೀರು ಕೊಡಬೇಕು.

ಈ ಎರಡು ಕೆಲಸಗಳಿಗೆ ಹೊಂದಾಣಿಕೆ ಕಷ್ಟ. ರೈತರಿಗೆ ಜಲಾಶಯ ತುಂಬಿದಷ್ಟೂ ಒಳ್ಳೆಯದು. ನೆರೆ ತಡೆಯಬೇಕಾದರೆ ಖಾಲಿ ಜಾಗ ಇರಲೇಬೇಕು. ಅದಕ್ಕೇ ಚಳಿಗಾಲದ ಮಳೆಗೆ ಮುಂಚೆ ನೀರಿನ ಮಟ್ಟ ಇಳಿಸುತ್ತಾರೆ, ವಸಂತದಲ್ಲಿ ಹಿಮ ಕರಗಿದಾಗ ತುಂಬಿಸಿಕೊಳ್ಳುತ್ತಾರೆ.

ಇನ್ನು ಸುರಕ್ಷತೆಯ ವಿಷಯ. ಇಲ್ಲಿ ಜಾಸ್ತಿ ಜನ ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಅಂದುಕೊಳ್ಳುತ್ತಾರೆ. ಕಟ್ಟೆ ಒಡೆದರೆ ಕೆಳಗೆ ಎಷ್ಟು ಹಾನಿ? ಇದು ಮೊದಲನೆಯದು. ಜೀವಹಾನಿ ಆಗುವಂತಿದ್ದರೆ ಅದನ್ನು 'ಹೆಚ್ಚಿನ ಅಪಾಯ'ದ ವರ್ಗಕ್ಕೆ ಸೇರಿಸುತ್ತಾರೆ, ಕಟ್ಟೆ ಎಷ್ಟೇ ಗಟ್ಟಿಯಾಗಿರಲಿ. ಕಟ್ಟೆ ಒಡೆಯುವ ಸಂಭವ ಎಷ್ಟು ಅನ್ನುವುದು ಎರಡನೆಯದು. ಎರಡನ್ನೂ ಸೇರಿಸಿ ತೂಗಿ, ರಿಪೇರಿ ಎಷ್ಟು ತುರ್ತು ಎಂದು ಸೇನಾ ದಳ 1ರಿಂದ 5ರವರೆಗೆ ದರ್ಜೆ ಕೊಡುತ್ತದೆ. 1 ಅಂದರೆ ತೀರಾ ತುರ್ತು. ಇಸಬೆಲ್ಲಾ ಆ ದರ್ಜೆಗೆ ಬಿತ್ತು.

ಕಾರಣ ಮೂರು. ತುಂಬಾ ದೊಡ್ಡ ನೆರೆ ಬಂದರೆ ನೀರು ಕಟ್ಟೆಯ ಮೇಲೇ ಹರಿಯುವ ಭಯವಿತ್ತು. ಮಣ್ಣಿನ ಕಟ್ಟೆಗೆ ಅದು ಮಾರಕ. ಸಹಾಯಕ ಕಟ್ಟೆಯ ಅಡಿಯಲ್ಲಿ ನೀರು ಜಿನುಗುತ್ತಿತ್ತು. ಮೂರನೆಯದು ನನ್ನನ್ನು ತುಂಬಾ ಕಾಡಿದ್ದು: ಆ ಕಟ್ಟೆಯ ಒಂದು ತುದಿಯ ಕೆಳಗೇ ಕರ್ನ್ ಕಣಿವೆಯ ಭೂಬಿರುಕು ಹಾದುಹೋಗಿದೆ. ಕಟ್ಟುವಾಗ ಅದು ನಿಷ್ಕ್ರಿಯ ಎಂದೇ ನಂಬಿದ್ದರು. ಈಗಲೂ ಅದು ಕದಲಬಲ್ಲದು ಎಂದು ನಂತರದ ಅಧ್ಯಯನ ತೋರಿಸಿತು.

ಭೂಮಿ ಕದಲಿ ಕಟ್ಟೆ ಸೀಳಿದರೆ, ಸೀಳಿನಲ್ಲಿ ನುಗ್ಗುವ ನೀರು ಮಣ್ಣಿನ ಕಣಗಳನ್ನು ಒಂದೊಂದಾಗಿ ಕದ್ದೊಯ್ಯುತ್ತದೆ. ಸೀಳು ಸುರಂಗವಾಗುತ್ತದೆ, ಕೊನೆಗೆ ಕಟ್ಟೆ ಕುಸಿಯುತ್ತದೆ. ಇದಕ್ಕೆ ಮದ್ದು ಮರಳು, ಜಲ್ಲಿಗಳ ಪದರ. ಕಾಫಿ ಸೋಸುವ ಬಟ್ಟೆಯ ಹಾಗೆ ಅದು ನೀರನ್ನು ಬಿಟ್ಟು ಮಣ್ಣನ್ನು ಹಿಡಿದಿಡುತ್ತದೆ. ಸೋರಿಕೆಯನ್ನು ಪೂರ್ತಿ ನಿಲ್ಲಿಸುವ ಹಠವಿಲ್ಲ, ಮಣ್ಣು ಕೊಚ್ಚಿಹೋಗದಿದ್ದರೆ ಸಾಕು. ಎಂಥ ಜಾಣ ಉಪಾಯ ಅಲ್ವಾ?

ರಿಪೇರಿಯಾಗುವವರೆಗೆ ಜನರನ್ನು ಕಾಯಲು 2006ರಿಂದ ನೀರು ತುಂಬಿಸುವುದಕ್ಕೇ ಮಿತಿ ಹಾಕಿದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 24.7 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 15.7 ಟಿಎಂಸಿ ಮಾತ್ರ. ರೈತರಿಗೆ ಇದು ದೊಡ್ಡ ಪೆಟ್ಟು. ಆದರೂ ಆ ನಿರ್ಧಾರ ಸರಿಯಾಗಿಯೇ ಇತ್ತು.

ಆಮೇಲೆ ಎರಡೂ ಕಟ್ಟೆಗಳನ್ನು 16 ಅಡಿ ಎತ್ತರಿಸಿದರು. ಸಹಾಯಕ ಕಟ್ಟೆಯ ಹಿಂಬದಿಗೆ ಸೋಸುವ ಪದರ ಹಾಕಿ, ಮೇಲೆ ಮಣ್ಣು ಪೇರಿಸಿ ಬಲಪಡಿಸಿದರು. ಅಂಕುಡೊಂಕು ಗೋಡೆಯ ಹೊಸ ಕೋಡಿಯೂ ಬಂತು. ನೇರ ಗೋಡೆಗಿಂತ ಇದರ ಅಂಚು ಉದ್ದ, ಹಾಗಾಗಿ ಅಷ್ಟೇ ಅಗಲದ ಜಾಗದಲ್ಲಿ ಹೆಚ್ಚು ನೀರು ಹೊರಹೋಗುತ್ತದೆ.

2022ರಲ್ಲಿ ಮುಖ್ಯ ಕಾಮಗಾರಿ ಮುಗಿಯಿತು. ಮರುವರ್ಷವೇ ಬೆಟ್ಟಗಳಲ್ಲಿ ವಿಪರೀತ ಹಿಮ ಸುರಿದು, ಜಲಾಶಯ ತುಂಬಿಕೊಂಡಿತು. ಇಷ್ಟಾದರೂ ಇಸಬೆಲ್ಲಾ ಇಂದಿಗೂ 'ಹೆಚ್ಚಿನ ಅಪಾಯ'ದ ವರ್ಗದಲ್ಲೇ ಇದೆ. ಕಟ್ಟೆ ಗಟ್ಟಿಯಾಗಿದೆ, ಆದರೆ ಕೆಳಗಿನ ಲಕ್ಷಾಂತರ ಜನ ಅಲ್ಲೇ ಇದ್ದಾರಲ್ಲ.