ಬೇಲಿ ಹಾಕಿದ ಮೇಲೂ ಚಿಟ್ಟೆ ಅಳಿದದ್ದೇಕೆ?

ಪ್ರಶ್ನೆ: ಬ್ರಿಟನ್ನಿನಲ್ಲಿ ‘ಲಾರ್ಜ್ ಬ್ಲೂ’ ಚಿಟ್ಟೆಯ ನೆಲೆಗಳಿಗೆ ಬೇಲಿ ಹಾಕಿ ಕಾಪಾಡಿದರೂ ಅದು 1979ರಲ್ಲಿ ಅಲ್ಲಿಂದ ಅಳಿದುಹೋಯಿತಂತೆ. ಕಾವಲಿದ್ದಲ್ಲಿಯೇ ಹೀಗಾದದ್ದು ಏಕೆ?

ಉತ್ತರ: ಬೇಲಿ ತಡೆದದ್ದು ಚಿಟ್ಟೆ ಹಿಡಿಯುವವರನ್ನು ಮಾತ್ರವಲ್ಲ, ದನಕುರಿಗಳನ್ನೂ ತಡೆಯಿತು. ಮುಳುವಾದದ್ದು ಇದೇ.

ಹೆಸರಿನಲ್ಲಿ ‘ದೊಡ್ಡ’ ಎಂದಿದ್ದರೂ, ನೀಲಿ ರೆಕ್ಕೆಗಳ ಮೇಲೆ ಕಪ್ಪು ಮಚ್ಚೆಗಳಿರುವ ಈ ಚಿಟ್ಟೆ ರೆಕ್ಕೆ ಬಿಚ್ಚಿದಾಗ ಐದು ಸೆಂಟಿಮೀಟರಿನಷ್ಟೇ ಅಗಲ. ಅಲ್ಲಿನ ಉಳಿದ ನೀಲಿ ಚಿಟ್ಟೆಗಳ ಪಕ್ಕದಲ್ಲಿಟ್ಟರೆ ಮಾತ್ರ ದೊಡ್ಡದು. ಬಿಸಿಲು ಬೀಳುವ ಇಳಿಜಾರು ಹುಲ್ಲುಗಾವಲಿನ ಥೈಮ್ ಗಿಡದ ಮೊಗ್ಗುಗಳ ಮೇಲೆ ಹೆಣ್ಣು ಮೊಟ್ಟೆಯಿಡುತ್ತದೆ. ಮರಿಹುಳು ಎರಡು ಮೂರು ವಾರ ಹೂವನ್ನು ತಿಂದು ನೆಲಕ್ಕೆ ಬೀಳುತ್ತದೆ. ಆಗ ಅದರ ವಾಸನೆಗೆ ಮೋಸಹೋದ ಕೆಂಪಿರುವೆಯೊಂದು, ತನ್ನ ಗೂಡಿನ ಮರಿಯೇ ಹೊರಗೆ ಬಿದ್ದಿದೆಯೆಂದು ಬಗೆದು ಅದನ್ನು ಹೊತ್ತೊಯ್ಯುತ್ತದೆ. ಗೂಡಿನೊಳಗೆ ಆ ಹುಳು ರಾಣಿ ಇರುವೆಯ ಸದ್ದನ್ನು ಅನುಕರಿಸುತ್ತ, ಸುಮಾರು ಹತ್ತು ತಿಂಗಳು ಇರುವೆಯ ಮರಿಗಳನ್ನೇ ತಿಂದು ಬೆಳೆಯುತ್ತದೆ. ನಮ್ಮಲ್ಲಿನ ಹಲವು ನೀಲಿ ಚಿಟ್ಟೆಗಳ ಹುಳುಗಳೂ ಇರುವೆಗಳೊಡನೆ ನಂಟು ಇಟ್ಟುಕೊಂಡಿವೆ, ಆದರೆ ಅವು ಸಿಹಿರಸ ಕೊಟ್ಟು ಕಾವಲು ಪಡೆಯುತ್ತವೆ. ಇಲ್ಲಿ ನಡೆಯುವುದು ಅಪ್ಪಟ ವಂಚನೆ.

ಇರುವೆಯ ಈ ನಂಟು ಮೊದಲೇ ತಿಳಿದಿತ್ತು. ಆದರೆ ಹಲವು ಜಾತಿಯ ಕೆಂಪಿರುವೆಗಳು ಹುಳುವನ್ನು ಹೊತ್ತೊಯ್ದರೂ ಅದು ಚೆನ್ನಾಗಿ ಬದುಕುವುದು ‘ಮಿರ್ಮಿಕಾ ಸಬುಲೆಟಿ’ಯ ಗೂಡಿನಲ್ಲಿ ಎಂಬುದನ್ನು 1970ರ ದಶಕದಲ್ಲಿ ಕಂಡುಕೊಂಡವರು ಬ್ರಿಟನ್ನಿನ ಚಿಟ್ಟೆ ತಜ್ಞ ಜೆರೆಮಿ ಥಾಮಸ್. ಆ ಇರುವೆಗೆ ಬೆಚ್ಚಗಿನ ನೆಲ ಬೇಕು. ಬ್ರಿಟನ್ನಿನ ತಂಪು ಹವೆಯಲ್ಲಿ ಹುಲ್ಲು ಕೆಲವೇ ಸೆಂಟಿಮೀಟರ್ ಎತ್ತರಕ್ಕೆ ಬೆಳೆದರೂ ನೆರಳಿಗೆ ನೆಲ ತಣ್ಣಗಾಗಿ, ಅದರ ಜಾಗವನ್ನು ಬೇರೆ ಇರುವೆಗಳು ಹಿಡಿಯುತ್ತವೆ. ಹುಲ್ಲನ್ನು ಗಿಡ್ಡವಾಗಿಟ್ಟಿದ್ದು ದನ, ಕುರಿ ಮತ್ತು ಮೊಲ. ಕಡಿದಾದ ಇಳಿಜಾರುಗಳಲ್ಲಿ ಮೇಯಿಸುವುದು ಗಿಟ್ಟದೆಂದು ರೈತರು ಕೈಬಿಟ್ಟರು; 1953ರಲ್ಲಿ ಕಾಲಿಟ್ಟ ಮಿಕ್ಸೊಮಟೋಸಿಸ್ ರೋಗ ಮೊಲಗಳನ್ನು ಬಹುಪಾಲು ಕೊಂದಿತು. ಥೈಮ್ ಮಾತ್ರ ಹೂ ಬಿಡುತ್ತಲೇ ಇತ್ತು, ಹಾಗಾಗಿ ನೋಡುವವರಿಗೆ ನೆಲೆ ಕೆಟ್ಟಿದೆಯೆಂಬ ಅನುಮಾನವೇ ಬರಲಿಲ್ಲ. ಚಿಟ್ಟೆ ಹಿಡಿಯುವವರ ಕಳ್ಳತನವನ್ನು ದೂರಿದಷ್ಟು ಹುಲ್ಲಿನ ಎತ್ತರವನ್ನು ಯಾರೂ ಅಳೆದಿರಲಿಲ್ಲ.

ಕಾರಣ ತಿಳಿಯುವ ಹೊತ್ತಿಗೆ ತಡವಾಗಿತ್ತು. 1983ರಿಂದ, ದನಕರುಗಳನ್ನು ಮೇಯಿಸಿ ಸಿದ್ಧಗೊಳಿಸಿದ ಹುಲ್ಲುಗಾವಲುಗಳಿಗೆ ಸ್ವೀಡನ್ನಿನ ಚಿಟ್ಟೆಗಳ ಸಂತತಿಯನ್ನು ತಂದು ಬಿಡಲಾಯಿತು. ಇಂದು ಸಾಮರ್ಸೆಟ್‌ನ ಕಾಲರ್ಡ್ ಹಿಲ್‌ನಲ್ಲಿ ಜೂನ್ ತಿಂಗಳಲ್ಲಿ ಹೋದವರಿಗೆ ಅದು ಮತ್ತೆ ಕಾಣಸಿಗುತ್ತದೆ.