11 ತಿಂಗಳಾಯ್ತು, ಇನ್ನೂ ಕೈ ಬಿಟ್ಟು ನಡೀತಿಲ್ಲ, ವಾಕರ್ ತರ್ಲಾ?

ಪ್ರಶ್ನೆ: ನಮ್ ಪಾಪುಗೆ 11 ತಿಂಗಳು. ಸೋಫಾ ಹಿಡ್ಕೊಂಡು ನಿಂತ್ಕೊಳ್ತಾನೆ, ಹಿಡ್ಕೊಂಡೇ ಪಕ್ಕಕ್ಕೆ ನಾಲ್ಕು ಹೆಜ್ಜೆ ಹಾಕ್ತಾನೆ, ಆದ್ರೆ ಕೈ ಮಾತ್ರ ಬಿಡಲ್ಲ. ಎದುರುಮನೆ ಹುಡುಗಿ 10 ತಿಂಗಳಿಗೇ ಓಡಾಡ್ತಿದ್ಳು. ಅತ್ತೆ ವಾಕರ್ ತನ್ನಿ ಅಂತಾರೆ, ಡಾಕ್ಟರ್ ಬೇಡ ಅಂದ್ರು, ಯಾಕೆ ಅಂತ ಕೇಳೋಕೆ ಟೈಮ್ ಕೊಡ್ಲಿಲ್ಲ. ಲೇಟಾಗಿ ನಡೆಯೋ ಮಕ್ಳು ಬುದ್ಧೀಲೂ ಹಿಂದೆ ಬೀಳ್ತಾರಾ?

ಉತ್ತರ: ವಾಕರ್ ಬೇಡ. ಬುದ್ಧಿ ಹಿಂದೆ ಬೀಳಲ್ಲ. ಮತ್ತೆ 11 ತಿಂಗಳು ಅನ್ನೋದು ಲೇಟೂ ಅಲ್ಲ, ಸೋಫಾ ಹಿಡ್ಕೊಂಡು ಪಕ್ಕಕ್ಕೆ ಹೆಜ್ಜೆ ಹಾಕ್ತಿದಾನೆ ಅಂದ್ರೆ ನಡಿಗೆಯ ಅರ್ಧ ಕೆಲಸ ಆಗ್ಲೇ ಶುರು ಆಗಿದೆ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಒಂದು ಲೆಕ್ಕ ಪ್ರಕಟಿಸ್ತು, ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶದ ಆರೋಗ್ಯವಾಗಿರೋ ಮಕ್ಕಳನ್ನ ತಿಂಗಳು ತಿಂಗಳು ನೋಡ್ಕೊಂಡು ಬಂದು ಮಾಡಿದ್ದು, ಭಾರತದ್ದು ದೆಹಲಿ ಮಕ್ಕಳು. ಅದರ ಪ್ರಕಾರ ಯಾರ ಆಸರೆನೂ ಇಲ್ದೆ ನಡೆಯೋ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೂ ಇದೆ. ಅಂದ್ರೆ ಒಂದೇ ದಿನ ಹುಟ್ಟಿದ ಎರಡು ಮಕ್ಕಳಲ್ಲಿ ಒಂದು ಯುಗಾದಿ ಹೊತ್ತಿಗೆ ನಡೆದು ಇನ್ನೊಂದು ದೀಪಾವಳಿಗೆ ನಡೆದ್ರೂ ಎರಡೂ ನಾರ್ಮಲ್ಲೇ. ಆಸರೆ ಇಲ್ದೆ ಸುಮ್ನೆ ನಿಂತ್ಕೊಳ್ಳೋದಕ್ಕೇ 6.9ರಿಂದ 16.9 ತಿಂಗಳವರೆಗೆ ಅವಕಾಶ ಇದೆ. ಎದುರುಮನೆ ಹುಡುಗಿ ಆ ಸಾಲಿನ ಮುಂದಿನ ತುದೀಲಿದಾಳೆ ಅಷ್ಟೆ, ನಿಮ್ಮೋನು ಮಧ್ಯದಲ್ಲಿದಾನೆ.

"ಅವರಪ್ಪನೂ ಹೀಗೇ, ಒಂದೂವರೆ ವರ್ಷಕ್ಕೆ ನಡೆದಿದ್ದು" ಅಂತ ಅಜ್ಜಿಯರು ಹೇಳ್ತಾರಲ್ಲ, ಅದನ್ನ ಸುಮ್ನೆ ಸಮಾಧಾನಕ್ಕೆ ಹೇಳೋ ಮಾತು ಅನ್ಕೋಬೇಡಿ. 2025ರಲ್ಲಿ ಯುರೋಪ್ ಮೂಲದ 70 ಸಾವಿರಕ್ಕೂ ಹೆಚ್ಚು ಮಕ್ಕಳ ಡಿಎನ್‌ಎ ನೋಡಿದ ಒಂದು ದೊಡ್ಡ ಅಧ್ಯಯನ ಬಂತು, ಮಕ್ಕಳು ನಡೆಯೋ ವಯಸ್ಸಲ್ಲಿ ಇರೋ ವ್ಯತ್ಯಾಸದಲ್ಲಿ ಹತ್ತಿರತ್ತಿರ ಕಾಲುಭಾಗಕ್ಕೆ ಜೀನ್‌ಗಳೇ ಕಾರಣ ಅಂತ ಸಿಕ್ತು. ಅಂಬೆಗಾಲು ವಿಷಯದಲ್ಲೂ ಅಷ್ಟೆ, ಕೆಲವು ಮಕ್ಕಳು ಅಂಬೆಗಾಲೇ ಇಡಲ್ಲ, ಕೂತಲ್ಲಿಂದ ಕುಂಡಿ ಎಳ್ಕೊಂಡು ಹೋಗಿ ಒಂದಿನ ಎದ್ದು ನಿಂತ್ಬಿಡ್ತಾವೆ. ಮೇಲೆ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲೇ 100ಕ್ಕೆ 4 ಮಕ್ಕಳು ಕೈ ಮಂಡಿ ಊರಿ ಅಂಬೆಗಾಲು ಇಟ್ಟಿರ್ಲಿಲ್ಲ. ಕುಂಡಿ ಎಳೆಯೋ ಮಕ್ಕಳು ನಡೆಯೋದು ಸಾಮಾನ್ಯವಾಗಿ ಇನ್ನೂ ತಡ, ಅದೂ ಮನೆತನದಲ್ಲಿ ಬರುತ್ತೆ.

ಸರಿ, ಈಗ ನಡಿಗೆ ಅಂದ್ರೇನು ಅಂತ ನೋಡೋಣ, ಯಾಕಂದ್ರೆ ವಾಕರ್ ತಂದುಕೊಡೋರೆಲ್ಲ ಮಗುಗೆ ಕಾಲಲ್ಲಿ ಶಕ್ತಿ ಸಾಲ್ತಿಲ್ಲ, ಹೆಜ್ಜೆ ಹಾಕೋದು ಗೊತ್ತಿಲ್ಲ, ಅದನ್ನ ಅಭ್ಯಾಸ ಮಾಡಿಸ್ಬೇಕು ಅನ್ಕೊಂಡಿರ್ತಾರೆ. ಹೆಜ್ಜೆ ಹಾಕೋದು ಹುಟ್ಟಿದ ಮಗುಗೇ ಗೊತ್ತು ರೀ! ಎಳೇ ಮಗುನ ಕಂಕುಳಲ್ಲಿ ಹಿಡಿದು ಪಾದ ಮಂಚಕ್ಕೆ ತಾಗಿಸಿ ನೋಡಿ, ಒಂದು ಕಾಲಾದ್ಮೇಲೆ ಒಂದು ಎತ್ತುತ್ತೆ. ಎರಡು ತಿಂಗಳ ಹೊತ್ತಿಗೆ ಅದು ಮಾಯ ಆಗುತ್ತೆ. ಮೊದ್ಲೆಲ್ಲ ಮೆದುಳು ಬೆಳೆದ ಹಾಗೆ ಅದು ಅಳಿಸಿ ಹೋಗುತ್ತೆ ಅಂತಿದ್ರು, 1984ರಲ್ಲಿ ಎಸ್ತರ್ ಥೀಲೆನ್ ಅನ್ನೋ ಅಮೆರಿಕದ ವಿಜ್ಞಾನಿ ಮತ್ತವರ ಜೊತೆಗಾರರು ಹೆಜ್ಜೆ ಹಾಕೋದು ಕಮ್ಮಿ ಆಗಿದ್ದ ಮಕ್ಕಳನ್ನ ಎದೆಮಟ್ಟ ನೀರಲ್ಲಿ ಹಿಡಿದ್ರು, ಹೆಜ್ಜೆ ವಾಪಸ್ ಜಾಸ್ತಿ ಆಯ್ತು! ಕಾರಣ ಸಿಂಪಲ್, ಆ ತಿಂಗಳುಗಳಲ್ಲಿ ತೊಡೆ ಮೇಲೆ ಕೊಬ್ಬು ಬೇಗ ಬೇಗ ತುಂಬಿ ಕಾಲು ಭಾರ ಆಗುತ್ತೆ, ಎತ್ತೋಕೆ ಆಗಲ್ಲ, ನೀರಲ್ಲಿ ಹಗುರ ಆದಾಗ ಎತ್ತುತ್ತೆ. ಅಂದ್ರೆ ಹೆಜ್ಜೆಯ ಲಯ ಒಳಗೇ ಇತ್ತು.

ಹಾಗಾದ್ರೆ 11 ತಿಂಗಳ ಮಗು ಕಲೀಬೇಕಾಗಿರೋದು ಏನು? ಬ್ಯಾಲೆನ್ಸು. ಒಂದು ಕಾಲು ಎತ್ತಿದಾಗ ಇಡೀ ಮೈಭಾರ ಇನ್ನೊಂದು ಕಾಲ ಮೇಲೆ ತಂದು, ಬೀಳೋ ಮುಂಚೆ ಎತ್ತಿದ ಕಾಲನ್ನ ಸರಿಯಾದ ಜಾಗದಲ್ಲಿ ಇಡೋದು. ಮಗುವಿನ ತಲೆ ಬೇರೆ ಮೈಗೆ ಹೋಲಿಸಿದ್ರೆ ದೊಡ್ಡದು, ಕಾಲು ಚಿಕ್ಕವು, ಭಾರ ಎಲ್ಲ ಮೇಲೆ. ಅದಕ್ಕೇ ದಟ್ಟಡಿ ಇಡೋ ಮಕ್ಕಳು ಕೈ ಮೇಲೆತ್ತಿ ಕಾಲು ಅಗಲ ಮಾಡಿ ವಾಲಾಡ್ಕೊಂಡು ನಡೆಯೋದು. ಇದನ್ನ ಯಾರೂ ಹೇಳಿಕೊಡೋಕೆ ಆಗಲ್ಲ, ಬಿದ್ದು ಬಿದ್ದೇ ಕಲೀಬೇಕು. ನ್ಯೂಯಾರ್ಕಲ್ಲಿ ಕ್ಯಾರನ್ ಅಡಾಲ್ಫ್ ಅನ್ನೋ ಸಂಶೋಧಕಿ ಮತ್ತವರ ತಂಡ 12ರಿಂದ 19 ತಿಂಗಳ ಮಕ್ಕಳು ಸುಮ್ನೆ ಆಟ ಆಡ್ತಿರೋದನ್ನ ವಿಡಿಯೋ ಮಾಡಿ ಹೆಜ್ಜೆ ಹೆಜ್ಜೆ ಎಣಿಸಿದ್ರು, 2012ರಲ್ಲಿ ಬಂದ ಲೆಕ್ಕ, ಸರಾಸರಿ ಗಂಟೆಗೆ 2368 ಹೆಜ್ಜೆ, 17 ಸಲ ಬೀಳೋದು. ಗಂಟೆಗೆ ರೀ, ದಿನಕ್ಕಲ್ಲ. ನಾವು ದೊಡ್ಡೋರು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ವಾಚ್ ಕಟ್ಕೊಂಡು ಒದ್ದಾಡ್ತೀವಿ.

ಇದರಲ್ಲಿ ಕಾಲಿಗಿಂತ ತಲೆ ಕೆಲಸ ಜಾಸ್ತಿ ಇದೆ ಅನ್ನೋಕೆ ಅಡಾಲ್ಫ್ ಅವರದ್ದೇ ಇನ್ನೊಂದು ಪ್ರಯೋಗ ಇದೆ, ನನಗೆ ತುಂಬಾ ಇಷ್ಟ. ಇಳಿಜಾರು ಹಲಗೆ ಇಟ್ಟು ಅಂಬೆಗಾಲಿನ ಮಕ್ಕಳನ್ನ ಬಿಟ್ರು. ಹೊಸದಾಗಿ ಅಂಬೆಗಾಲು ಇಡೋ ಮಕ್ಕಳು ಯಾವ ಇಳಿಜಾರಾದ್ರೂ ನುಗ್ಗಿ ಉರುಳ್ತವೆ, ಕೆಳಗೆ ಹಿಡಿಯೋಕೆ ಜನ ಇರ್ತಾರೆ ಬಿಡಿ. ಒಂದಷ್ಟು ವಾರ ಅಂಬೆಗಾಲಿಟ್ಟ ಮೇಲೆ ಅವೇ ಮಕ್ಕಳು ಇಳಿಜಾರು ನೋಡಿ ನಿಂತು, ಕೈಯಿಂದ ತಟ್ಟಿ ನೋಡಿ, ಕಡಿದಾಗಿದ್ರೆ ಹೋಗಲ್ಲ ಅಂತ ಕೂರ್ತವೆ. ಎಷ್ಟು ಬುದ್ಧಿ ಅಲ್ವಾ? ಆಮೇಲೆ ನಡೆಯೋಕೆ ಶುರು ಮಾಡಿದ ತಕ್ಷಣ ಎಲ್ಲಾ ಮರ್ತು ಮತ್ತೆ ಅದೇ ಕಡಿದಾದ ಇಳಿಜಾರಿಗೆ ಎರಡು ಕಾಲಲ್ಲಿ ನುಗ್ಗಿ ಬೀಳ್ತವೆ! ಅಂಬೆಗಾಲಲ್ಲಿ ಕಲ್ತ ಲೆಕ್ಕಾಚಾರ ನಡಿಗೆಗೆ ಬರಲ್ಲ, ಮೈ ನಿಲ್ಲೋ ರೀತಿ ಬದಲಾದ್ರೆ ಮೊದಲಿಂದ ಶುರು.

ಈಗ ವಾಕರಿಗೆ ಬನ್ನಿ. ಅದರಲ್ಲಿ ಮಗು ಬಟ್ಟೆ ಸೀಟಲ್ಲಿ ತೂಗಾಡ್ತಿರುತ್ತೆ. ಬೀಳೋಕೆ ಆಗಲ್ಲ, ಹಾಗಾಗಿ ಬ್ಯಾಲೆನ್ಸ್ ಮಾಡೋ ಅವಶ್ಯಕತೆನೇ ಇಲ್ಲ. ಹೆಚ್ಚಿನ ಮಕ್ಕಳು ಕಾಲ್ಬೆರಳ ತುದಿಯಿಂದ ನೆಲ ಒದ್ದು ಮುಂದೆ ಹೋಗ್ತವೆ, ಪಾದ ಪೂರ್ತಿ ಊರಲ್ಲ. ಮುಂದೆ ಟ್ರೇ ಇರೋದ್ರಿಂದ ತನ್ನ ಕಾಲು ತನಗೇ ಕಾಣಲ್ಲ, ಕಾಲು ಹೀಗೆ ಮಾಡಿದ್ರೆ ಮೈ ಹಾಗೆ ಹೋಗುತ್ತೆ ಅನ್ನೋ ಕಣ್ಣು ಕಾಲಿನ ಲೆಕ್ಕನೇ ಕೂಡಲ್ಲ. ಸೈಕಲ್ ಕಲಿಯೋಕೆ ಜಿಮ್ಮಲ್ಲಿರೋ ಸ್ಟ್ಯಾಂಡ್ ಸೈಕಲ್ ತುಳಿದ ಹಾಗೆ. 2002ರಲ್ಲಿ ಐರ್ಲೆಂಡಿನ ಒಂದು ಅಧ್ಯಯನ ಹೇಳಿದ್ದು, ವಾಕರಲ್ಲಿ ಕಳೆದ ಸಮಯ ಕೂಡಿಸಿ ಪ್ರತಿ 24 ಗಂಟೆಗೆ ಒಂಟಿಯಾಗಿ ನಡೆಯೋದು 3.3 ದಿನ ತಡ, ಒಂಟಿಯಾಗಿ ನಿಲ್ಲೋದು 3.7 ದಿನ ತಡ ಆಗಿತ್ತು ಅಂತ. ದಿನಾ ಒಂದು ಗಂಟೆ ಕೂರಿಸಿದ್ರೆ 24 ದಿನಕ್ಕೆ ಅಷ್ಟಾಯ್ತು. ಜೀವನ ಹಾಳಾಗೋ ತಡ ಏನಲ್ಲ ಅದು, ನಾನು ಹೆದರಿಸೋಕೆ ಹೇಳ್ತಿಲ್ಲ, ಆದ್ರೆ ಬೇಗ ನಡೀಲಿ ಅಂತ ದುಡ್ಡು ಕೊಟ್ಟು ತರೋ ವಸ್ತು ಉಲ್ಟಾ ಕೆಲಸ ಮಾಡುತ್ತೆ ಅಂದ್ರೆ ಯಾಕೆ ಬೇಕು?

ಹೆದರಬೇಕಾಗಿರೋದು ಬೇರೆ ವಿಷಯಕ್ಕೆ. ವಾಕರಲ್ಲಿರೋ ಮಗು ಒಂದು ಸೆಕೆಂಡಲ್ಲಿ ಒಂದು ಮೀಟರ್‌ನಷ್ಟು ದೂರ ಹೋಗಬಲ್ದು, ನೀವು ಅಲ್ಲೇ ನಿಂತಿದ್ರೂ ಹಿಡಿಯೋಕಾಗಲ್ಲ. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರಿಂದ ಪೆಟ್ಟು ಮಾಡ್ಕೊಂಡು ಎಮರ್ಜೆನ್ಸಿಗೆ ಬಂದ 15 ತಿಂಗಳೊಳಗಿನ ಮಕ್ಕಳು 2 ಲಕ್ಷ 30 ಸಾವಿರದ ಮೇಲೆ, ಅದರಲ್ಲಿ 100ಕ್ಕೆ 90 ಭಾಗ ತಲೆ ಕುತ್ತಿಗೆ ಪೆಟ್ಟು, ಮುಕ್ಕಾಲು ಪಾಲು ಮೆಟ್ಟಿಲಿಂದ ಉರುಳಿದ್ದು. ನಮ್ಮ ಮನೆಗಳಲ್ಲಿ ಹೊಸ್ತಿಲು ಇದೆ, ಹಾಲಿಂದ ಅಂಗಳಕ್ಕೆ ಎರಡು ಮೆಟ್ಟಿಲಿದೆ, ಬಚ್ಚಲಲ್ಲಿ ಬಿಸಿನೀರ ಬಕೆಟ್ ಇದೆ, ವಾಕರಲ್ಲಿ ನಿಂತ ಮಗುಗೆ ಟೇಬಲ್ ಮೇಲಿನ ಬಿಸಿ ಕಾಫಿ ಲೋಟನೂ ಎಟಕುತ್ತೆ. ಕೆನಡಾ ಅಂತೂ 2004ರಲ್ಲೇ ಪೂರ್ತಿ ಬ್ಯಾನ್ ಮಾಡಿದೆ, ಮಾರೋ ಹಾಗಿಲ್ಲ, ಜಾಹೀರಾತು ಕೊಡೋ ಹಾಗಿಲ್ಲ, ಹೊರಗಿಂದ ತರೋ ಹಾಗೂ ಇಲ್ಲ, ಸೆಕೆಂಡ್ ಹ್ಯಾಂಡ್ ಮಾರಿದ್ರೂ ತಪ್ಪೇ. ಟೊರಾಂಟೋಲಿರೋ ಮಗಳ ಬಾಣಂತನಕ್ಕೆ ಹೋಗೋ ಅಮ್ಮಂದಿರು ಚಟ್ನಿಪುಡಿ ಜೊತೆ ವಾಕರ್ ಪ್ಯಾಕ್ ಮಾಡ್ಬೇಡಿ.

"ನಮ್ಮ ದೊಡ್ಡ ಮಗ ವಾಕರಲ್ಲೇ ಕಲ್ತಿದ್ದು, ಏನೂ ಆಗ್ಲಿಲ್ಲ" ಅಂತ ಅತ್ತೆ ಹೇಳ್ಬಹುದು. ನಿಜಾನೇ ಇರುತ್ತೆ, ವಾಕರ್ ತರೋದು 8-9 ತಿಂಗಳಿಗೆ, ಮಗು ನಡೆಯೋದು ವರ್ಷದ ಹೊತ್ತಿಗೆ, ಅದು ಹೇಗಿದ್ರೂ ನಡೀತಿತ್ತು, ಹೆಸರು ಮಾತ್ರ ವಾಕರಿಗೆ ಬಂತು. 1929ರಲ್ಲಿ ಆರ್ನಾಲ್ಡ್ ಗೆಸೆಲ್ ಅನ್ನೋ ಡಾಕ್ಟರ್ ಅವಳಿ ಹೆಣ್ಣುಮಕ್ಕಳಲ್ಲಿ ಒಂದಕ್ಕೆ 46ನೇ ವಾರದಿಂದ ಆರು ವಾರ ಮೆಟ್ಟಿಲು ಹತ್ತೋ ಟ್ರೈನಿಂಗ್ ಕೊಟ್ಟು, ಇನ್ನೊಂದಕ್ಕೆ 53ನೇ ವಾರದಿಂದ ಎರಡೇ ವಾರ ಕೊಟ್ಟಾಗ, ಎರಡನೇದು ಮೊದಲನೇದರ ಸಮಕ್ಕೆ ಬಂದ್ಬಿಡ್ತು. ಮೈ ರೆಡಿಯಾಗಿರ್ಬೇಕು, ಆಗ ಸ್ವಲ್ಪ ಅಭ್ಯಾಸ ಸಾಕು.

ಆದ್ರೆ ವಾಕರ್ ತರೋ ಅರ್ಧ ಅಮ್ಮಂದಿರು ನಡಿಗೆಗೆ ಅಂತ ತರಲ್ಲ, ಅನ್ನಕ್ಕಿಟ್ಟು ಒಗ್ಗರಣೆ ಹಾಕೋ ಅಷ್ಟೊತ್ತು ಮಗು ಎಲ್ಲಾದ್ರೂ ಕೂತಿರ್ಲಿ ಅಂತ ತರ್ತಾರೆ, ಮನೇಲಿ ಇನ್ನೊಬ್ರು ಇಲ್ದೆ ಇದ್ರೆ ಏನ್ಮಾಡ್ತಾರೆ ಪಾಪ. ಅದಕ್ಕೆ ಸುತ್ತ ಕಟಕಟೆ ಇರೋ ಪ್ಲೇಪೆನ್ ಇಡಿ, ಇಲ್ಲ ಚಕ್ರ ಇಲ್ದಿರೋ ಹೈಚೇರಲ್ಲಿ ಬೆಲ್ಟ್ ಹಾಕಿ ನಿಮ್ಮ ಕಣ್ಣೆದುರು ಕೂರಿಸಿ ಒಂದು ಚಮಚ ತಟ್ಟೆ ಕೊಡಿ. ಅಥವಾ, ನಾಚಿಕೆ ಬಿಟ್ಟು ಹೇಳ್ತೀನಿ, ಗಂಡನ ಕೈಗೆ ಕೊಡಿ.

ಚನ್ನಪಟ್ಟಣದ ಮರದ ತಳ್ಳೋ ಗಾಡಿ ಇದೆಯಲ್ಲ, ಮೂರು ಗಾಲಿದು, ಬಣ್ಣದ ಅರಗು ಹಚ್ಚಿರೋದು, ಅದು ಬೇರೆ ಲೆಕ್ಕ. ಅದರಲ್ಲಿ ಮಗು ಕೂರಲ್ಲ, ತನ್ನ ಕಾಲ ಮೇಲೆ ತಾನೇ ನಿಂತು ತಳ್ಳುತ್ತೆ, ಕಾಲು ಕಾಣುತ್ತೆ, ತಪ್ಪಿದ್ರೆ ಬೀಳುತ್ತೆ. ಹಿಡ್ಕೊಂಡು ನಿಲ್ಲೋಕೆ ತಾನಾಗೇ ಬಂದ ಮೇಲೆ ಕೊಟ್ರೆ ಚೆನ್ನಾಗಿರುತ್ತೆ. ಹೊಸ ಟೈಲ್ಸ್ ಮೇಲೆ ಮಾತ್ರ ಗಾಲಿ ಜರ್ ಅಂತ ಓಡುತ್ತೆ, ಚಾಪೆ ಮೇಲೋ ಮಣ್ಣಿನ ಅಂಗಳದಲ್ಲೋ ಆಡಿಸಿ, ಪಕ್ಕದಲ್ಲಿರಿ.

ಬುದ್ಧಿ ವಿಷಯ ಕೇಳಿದ್ರಿ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ 200ಕ್ಕೂ ಹೆಚ್ಚು ಆರೋಗ್ಯವಂತ ಮಕ್ಕಳನ್ನ ಹುಟ್ಟಿದಾಗಿಂದ 18 ವರ್ಷದವರೆಗೂ ನೋಡಿದ್ರು. ಆ ಮಕ್ಕಳು ನಡೆದಿದ್ದು 8.5 ತಿಂಗಳಿಂದ 20 ತಿಂಗಳೊಳಗೆ. 7 ವರ್ಷ ಆದ್ಮೇಲೆ ಟೆಸ್ಟ್ ಮಾಡಿದ್ರೆ ಬೇಗ ನಡೆದೋರಿಗೂ ತಡವಾಗಿ ನಡೆದೋರಿಗೂ ಐಕ್ಯೂನಲ್ಲಾಗಲಿ ಕೈಕಾಲಿನ ಚುರುಕಲ್ಲಾಗಲಿ ವ್ಯತ್ಯಾಸನೇ ಕಾಣ್ಲಿಲ್ಲ.

ಹಾಗಂತ ನಡಿಗೆಗೂ ತಲೆಗೂ ಸಂಬಂಧನೇ ಇಲ್ಲ ಅಂತಲ್ಲ. ನಡೆಯೋಕೆ ಶುರು ಮಾಡಿದ ಮಗು ಕೈ ಖಾಲಿ ಆಗುತ್ತಲ್ಲ, ಚಪ್ಪಲಿ, ರಿಮೋಟು, ಈರುಳ್ಳಿ ಸಿಕ್ಕಿದ್ದೆಲ್ಲ ಎತ್ಕೊಂಡು ಬಂದು ನಿಮ್ಮ ಮುಂದೆ ಹಿಡಿಯುತ್ತೆ. ಅಂಬೆಗಾಲಿನ ಮಗು ಹೆಚ್ಚಾಗಿ ಕೂತಲ್ಲಿಂದಲೇ ತೋರಿಸುತ್ತೆ, ನಡೆಯೋ ಮಗು ತಂದು ಕೊಡುತ್ತೆ. ಆಗ ನೀವು "ಅದು ಈರುಳ್ಳಿ ಪುಟ್ಟಾ, ಅಡುಗೆಮನೇಲಿ ಇಟ್ಟು ಬಾ" ಅಂತೀರಿ. ಮಾತು ಜಾಸ್ತಿ ಸಿಗುತ್ತೆ. ನಡಿಗೆ ಬಂದ ಹೊತ್ತಲ್ಲಿ ಪದಗಳೂ ಒಟ್ಟಿಗೆ ಜಾಸ್ತಿ ಆಗೋದನ್ನ ಸಂಶೋಧಕರು ನೋಡಿದಾರೆ. ನಿಮ್ಮೋನಿಗೂ ಆ ಕಾಲ ಬರುತ್ತೆ, ಅಲ್ಲೀವರೆಗೆ ನೀವೇ ಅವನ ಹತ್ರ ನೆಲದ ಮೇಲೆ ಕೂತು ಮಾತಾಡಿ.

ಮನೇಲಿ ಮಾಡೋದು ಜಾಸ್ತಿ ಏನಿಲ್ಲ. ನೆಲಕ್ಕೆ ಬಿಡಿ, ಬರಿಗಾಲಲ್ಲಿ ಬಿಡಿ, ಟೈಲ್ಸ್ ಮೇಲೆ ಸಾಕ್ಸ್ ಹಾಕಿದ್ರೆ ಜಾರುತ್ತೆ. ಡಯಾಪರ್ ಬಿಚ್ಚಿ ಬಿಡೋದೂ ಒಳ್ಳೇದು, ಡಯಾಪರ್ ಹಾಕಿದಾಗ ಮಕ್ಕಳು ಬರಿಮೈಲಿ ಇರೋದಕ್ಕಿಂತ ಜಾಸ್ತಿ ಬೀಳ್ತವೆ, ಕಾಲು ಇನ್ನೂ ಅಗಲ ಇಡ್ತವೆ ಅಂತ ಅಡಾಲ್ಫ್ ತಂಡ ಅದನ್ನೂ ಅಳೆದು ನೋಡಿದೆ, ನೆಲ ಒರೆಸೋ ಬಟ್ಟೆ ಪಕ್ಕದಲ್ಲಿಟ್ಕೊಳ್ಳಿ ಅಷ್ಟೆ. ಎರಡೂ ಕೈ ಮೇಲಕ್ಕೆ ಎಳೆದು ನೇತಾಡಿಸ್ಕೊಂಡು ನಡೆಸೋದು ಬೇಡ, ಅದೂ ಒಂಥರಾ ವಾಕರ್ರೇ. ಸೋಫಾದಿಂದ ಕುರ್ಚಿಗೆ ಒಂದು ಹೆಜ್ಜೆ ದೂರ ಇರೋ ಹಾಗೆ ಜರುಗಿಸಿ, ಅವನಿಗಿಷ್ಟದ್ದು ಆ ಕಡೆ ಇಡಿ.

ಡಾಕ್ಟರ್ ಹತ್ರ ಯಾವಾಗ ಹೋಗ್ಬೇಕು ಅನ್ನೋದು ಇನ್ನೊಂದು. 18 ತಿಂಗಳು ತುಂಬಿದ್ರೂ ಆಸರೆ ಬಿಟ್ಟು ನಡೀತಿಲ್ಲ ಅಂದ್ರೆ ಖಂಡಿತ ತೋರಿಸಿ, ಅದ್ರಲ್ಲೂ ಗಂಡುಮಗು ಆದ್ರೆ ಸ್ನಾಯುಗಳ ಕಾಯಿಲೆ ಇದೆಯಾ ನೋಡೋಕೆ ಒಂದು ರಕ್ತ ಪರೀಕ್ಷೆ ಬರ್ಕೊಡ್ಬಹುದು. ಅಷ್ಟು ದಿನ ಕಾಯದೇ ಹೋಗ್ಬೇಕಾದ್ದೂ ಇದೆ: 9 ತಿಂಗಳಾದ್ರೂ ಆಸರೆ ಇಲ್ದೆ ಕೂರಲ್ಲ, ವರ್ಷ ತುಂಬಿದ್ರೂ ಹಿಡ್ಕೊಂಡೂ ನಿಲ್ಲಲ್ಲ, ಮೈ ತೀರಾ ಮೆತ್ತಗೆ ಅಥವಾ ಕಾಲು ಕತ್ತರಿ ಥರ ಬಿಗಿ, ವರ್ಷದೊಳಗೇ ಒಂದು ಕೈ ಮಾತ್ರ ಬಳಸ್ತಾನೆ, ಅಥವಾ ಬರ್ತಿದ್ದದ್ದು ಹೊರಟು ಹೋಯ್ತು. ಈ ಕೊನೇದಕ್ಕೆ ಒಂದು ವಾರನೂ ಕಾಯ್ಬೇಡಿ. ವಿಟಮಿನ್ ಡಿ ಕಮ್ಮಿ ಆಗಿ ಮೂಳೆ ಮೆತ್ತಗಾದ್ರೂ ನಡಿಗೆ ತಡ ಆಗುತ್ತೆ, ಎದೆಹಾಲಲ್ಲಿ ಅದು ಕಮ್ಮಿ ಇರೋದ್ರಿಂದಲೇ ಮೊದಲ ವರ್ಷ ದಿನಾ 400 ಐಯು ಡ್ರಾಪ್ಸ್ ಹಾಕಿ ಅನ್ನೋದು. ಎರಡು ತಿಂಗಳು ಮುಂಚೆ ಹುಟ್ಟಿದ ಮಗು ಆದ್ರೆ ಆ ಎರಡು ತಿಂಗಳು ಕಳೆದು ವಯಸ್ಸು ಲೆಕ್ಕ ಹಾಕಿ.

ಪ್ರೈವೇಟ್ ಡಾಕ್ಟರಿಗೇ ಹೋಗ್ಬೇಕು ಅಂತಿಲ್ಲ. ತಾಯಿ ಕಾರ್ಡ್ ಹಿಡ್ಕೊಂಡು ಅಂಗನವಾಡಿಗೋ ಆಶಾ ಕಾರ್ಯಕರ್ತೆ ಹತ್ರನೋ ಹೋಗಿ ಕೇಳಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಇದೆ, 18 ವರ್ಷದೊಳಗಿನ ಮಕ್ಕಳ ಬೆಳವಣಿಗೆ ತಡ ಇದೆಯಾ ಅಂತ ಉಚಿತವಾಗಿ ನೋಡ್ತಾರೆ, ಬೇಕಾದ್ರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸ್ತಾರೆ, ಅಲ್ಲಿ ಫಿಸಿಯೋಥೆರಪಿನೂ ಇರುತ್ತೆ.

ಇನ್ನು ಯಾರೋ ಆಗ್ಲೇ ವಾಕರ್ ಗಿಫ್ಟ್ ಕೊಟ್ಬಿಟ್ಟಿದಾರೆ, ಬೇಜಾರ್ ಮಾಡ್ಕೊಳ್ತಾರೆ ಅಂದ್ರೆ, ಫೋಟೋಗೆ ಎರಡು ನಿಮಿಷ ಕೂರಿಸಿ, ಆಮೇಲೆ ಚಕ್ರ ಕಳಚಿಟ್ಟು ಟ್ರೇಲಿರೋ ಆಟದ ಸಾಮಾನು ಮಾತ್ರ ಬಿಚ್ಚಿ ಮಗು ಕೈಗೆ ಕೊಡಿ. ಇನ್ನೊಬ್ರ ಮನೆಗೆ ದಾಟಿಸ್ಬೇಡಿ.