ಬಾಹ್ಯಾಕಾಶ ಯುದ್ಧದಲ್ಲಿ ಪೈಲಟ್‌ಗೆ ಏನು ಕೆಲಸ?

ಬಾಹ್ಯಾಕಾಶದಲ್ಲಿ ಯುದ್ಧ ನಡೆದರೆ, ಯುದ್ಧವಿಮಾನದಂತೆ ಪೈಲಟ್ ಕೂತು ನಡೆಸುವ ಪುಟ್ಟ ನೌಕೆಗಳು ಬೇಕಾಗುತ್ತವಾ? ಒಂದು ಹಳೆಯ ಘಟನೆಯಿಂದ ಶುರು ಮಾಡೋಣ.

1965ರ ಜೂನ್ 3. ಅಮೆರಿಕದ ಜೆಮಿನಿ 4 ನೌಕೆ ಆಗಷ್ಟೇ ಭೂಮಿಯ ಸುತ್ತ ಕಕ್ಷೆಗೆ ಸೇರಿತ್ತು. ಅದನ್ನು ನಡೆಸುತ್ತಿದ್ದವರು ಜೇಮ್ಸ್ ಮೆಕ್‌ಡಿವಿಟ್. ಕೊರಿಯಾ ಯುದ್ಧದಲ್ಲಿ ಹಾರಾಡಿದ ಪಳಗಿದ ಪೈಲಟ್. ಅವರನ್ನು ಮೇಲಕ್ಕೆ ತಂದ ರಾಕೆಟ್ಟಿನ ಇಂಧನ ಮುಗಿದು ಕಳಚಿದ ಭಾಗ ಹತ್ತಿರದಲ್ಲೇ ತೇಲುತ್ತಿತ್ತು. ಅದರ ಪಕ್ಕಕ್ಕೆ ಹೋಗಬೇಕಿತ್ತು, ಅಷ್ಟೇ. ಅದರತ್ತ ಮುಖ ಮಾಡಿ, ನೌಕೆಯನ್ನು ತಳ್ಳುವ ಪುಟ್ಟ ಎಂಜಿನ್ (ಥ್ರಸ್ಟರ್) ಚಾಲೂ ಮಾಡಿದರು. ಹತ್ತಿರವಾಗುವ ಬದಲು ಅದು ದೂರ ಸರಿಯಿತು. ಇಂಧನ ಸುಮ್ನೆ ಖರ್ಚಾಗತೊಡಗಿದಾಗ ಪ್ರಯತ್ನ ಕೈಬಿಟ್ಟರು.

ತಪ್ಪು ಅವರ ಕೈಚಳಕದ್ದಲ್ಲ. ಕಕ್ಷೆಯಲ್ಲಿ ವೇಗ ಹೆಚ್ಚಿಸಿದರೆ ನೌಕೆ ಮೇಲಕ್ಕೇರುತ್ತದೆ. ಅಲ್ಲಿ ಸುತ್ತು ದೊಡ್ಡದು, ಸುತ್ತಲು ಸಮಯವೂ ಜಾಸ್ತಿ. ಮುಂದಿರುವುದನ್ನು ಹಿಡಿಯಬೇಕಾದರೆ ಮೊದಲು ವೇಗ ತಗ್ಗಿಸಿ ಕೆಳಗಿಳಿಯಬೇಕು! ಯುದ್ಧವಿಮಾನದ ಪೈಲಟ್ ವರ್ಷಗಟ್ಟಲೆ ಕಲಿತದ್ದಕ್ಕೆ ಇದು ಪೂರ್ತಿ ಉಲ್ಟಾ.

ಇನ್ನು ತಿರುಗುವ ಮಾತು. ವಿಮಾನದ ರೆಕ್ಕೆಗೆ ಗಾಳಿಯ ಆಸರೆ ಇದೆ. ಕಕ್ಷೆಯಲ್ಲಿ ಅಂಥದ್ದೇನೂ ಇಲ್ಲ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ನೌಕೆಯ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್. ಆ ಕಕ್ಷೆಯನ್ನು 60 ಡಿಗ್ರಿ ವಾಲಿಸಬೇಕಾದರೆ ಇನ್ನೊಮ್ಮೆ ಅಷ್ಟೇ ವೇಗಕ್ಕೆ ಬೇಕಾಗುವ ಇಂಧನ ಸುಡಬೇಕು. ಪುಟ್ಟ ನೌಕೆಯಲ್ಲಿ ಅಷ್ಟು ಇಂಧನ ಎಲ್ಲಿಡುವುದು? ಒಳಗೆ ಮನುಷ್ಯ ಕೂತರೆ ಆಮ್ಲಜನಕ ಬೇಕು, ನೀರು ಬೇಕು, ವಾಪಸ್ ಬರಲು ಶಾಖ ತಡೆಯುವ ಕವಚ ಬೇಕು. ಕ್ಷಿಪಣಿಗೆ ಇದ್ಯಾವುದೂ ಬೇಡ. ಅದು ವಾಪಸ್ ಬರುವುದೇ ಇಲ್ವಲ್ಲ.

ಮನುಷ್ಯರಿರುವ ನೌಕೆಗೆ ಆಯುಧ ಕೊಡುವ ದಾರಿಯಲ್ಲಿ ಸೋವಿಯತ್ ಒಕ್ಕೂಟ ನಿಜವಾಗಿಯೂ ಹೆಜ್ಜೆ ಇಟ್ಟಿತ್ತು. 1974ರಲ್ಲಿ ಹಾರಿಸಿದ ಸಲ್ಯೂತ್ 3 ಬಾಹ್ಯಾಕಾಶ ನಿಲ್ದಾಣದಲ್ಲಿ ವಿಮಾನದ ಫಿರಂಗಿಯೊಂದನ್ನು ಕೂರಿಸಿತ್ತು. ಗುರಿ ಹಿಡಿಯಲು ಇಡೀ ನಿಲ್ದಾಣವನ್ನೇ ತಿರುಗಿಸಬೇಕಿತ್ತು. ಅದರಿಂದ ಗುಂಡು ಹಾರಿಸಿದ್ದು 1975ರ ಜನವರಿಯಲ್ಲಿ, ಒಳಗೆ ಯಾರೂ ಇಲ್ಲದಾಗ, ನೆಲದಿಂದ ಆದೇಶ ಕೊಟ್ಟು. ಈ ಒಂದು ವಿವರವೇ ನನಗೆ ಸಾಕಷ್ಟು ಹೇಳುತ್ತದೆ.

ಮೆಕ್‌ಡಿವಿಟ್‌ಗೆ ಕೈಕೊಟ್ಟ ಆ ಹತ್ತಿರ ಹೋಗುವ ಕೆಲಸವನ್ನು ಈಗ ಕಂಪ್ಯೂಟರ್ ಲೆಕ್ಕ ಹಾಕಿ ಮಾಡುತ್ತದೆ. 2025ರ ಜನವರಿಯಲ್ಲಿ ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಎರಡು ಉಪಗ್ರಹಗಳು ಕಕ್ಷೆಯಲ್ಲೇ ಒಂದಕ್ಕೊಂದು ಜೋಡಿಕೊಂಡವು. ಎರಡರಲ್ಲೂ ಮನುಷ್ಯರಿರಲಿಲ್ಲ.

ಹಾಗಾದರೆ ಮನುಷ್ಯ ಬೇಡವೇ ಬೇಡವಾ? ದೂರ ಹೋದಂತೆ ಬೇಕಾಗಬಹುದು. ಚಂದ್ರನವರೆಗೆ ಸಂಕೇತ ಹೋಗಿ ಬರಲು ಸುಮಾರು ಎರಡೂವರೆ ಸೆಕೆಂಡು ಸಾಕು. ಮಂಗಳಕ್ಕಾದರೆ ಹಲವು ನಿಮಿಷ. ಎದುರಿಗಿರುವುದು ಕೆಟ್ಟುನಿಂತ ಉಪಗ್ರಹವೋ ಆಯುಧವೋ ಎಂದು ತೀರ್ಮಾನಿಸುವವರು ಅಲ್ಲೇ ಎಲ್ಲೋ ಇರಬೇಕು. ಆದರೆ ಅವರ ಜಾಗ ಹಿಂದೆ ನಿಂತ ದೊಡ್ಡ ನೌಕೆಯಲ್ಲಿ. ಮುನ್ನುಗ್ಗುವ ಪುಟ್ಟ ನೌಕೆಯಲ್ಲಿ ಸೀಟು ಇಡುವ ಅಗತ್ಯ ನನಗಂತೂ ಕಾಣುತ್ತಿಲ್ಲ.